ಸೊನ್ನೆಯಲ್ಲಿ ಮುಗಿಯುವ ಕಾರ್ಡು

ಹೊಸದಾಗಿ ಈ ಕೆಲಸಕ್ಕೆ ಬರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಬಾಯಾರ, ನೀವು ಇಷ್ಟ ವರ್ಷ ಖರೇ ಮಾಡಿದ್ದೇನ್ರಿ?" ಎನ್ನುವುದು. ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಒಂದು ಬಾಕ್ಸು ಕೆಂಪಾಗುತ್ತದೋ ಹಸಿರಾಗುತ್ತದೋ ಎಂದು ನೋಡುತ್ತ ಕೂತಿದ್ದೆ, ಅಷ್ಟೇ.

ಆ ಬಾಕ್ಸು ಯಾವುದೆಂದು ಹೇಳಿಬಿಡುತ್ತೇನೆ. ಇಂಟರ್ನೆಟ್ಟಿನಲ್ಲಿ ಏನನ್ನಾದರೂ ಕೊಳ್ಳಲು ಹೋದರೆ ಕಾರ್ಡಿನ ಸಂಖ್ಯೆ ಕೇಳುತ್ತದಲ್ಲ, ಅದು. ನೀವು ಹೊಡೆದ ಸಂಖ್ಯೆ ಬ್ಯಾಂಕಿನ ಕಡೆಗೆ ಹೋಗುವ ಮೊದಲೇ, ನಿಮ್ಮದೇ ಕಂಪ್ಯೂಟರಿನಲ್ಲಿ, ನಮ್ಮ ಪುಟ ಅದನ್ನು ಒಮ್ಮೆ ಪರೀಕ್ಷೆ ಮಾಡುತ್ತದೆ. ಸರಿ ಕಂಡರೆ ಬಾಕ್ಸಿನ ಅಂಚು ಹಸಿರು, ಮುಂದೆ ಹೋಗಬಹುದು. ತಪ್ಪು ಕಂಡರೆ ಕೆಂಪು, ಹೊಸ್ತಿಲಲ್ಲೇ ನಿಲ್ಲಬೇಕು. ಆ ಹೊಸ್ತಿಲು ಕಾಯುವ ನಾಲ್ಕು ಸಾಲು ಪ್ರೋಗ್ರಾಮನ್ನು ಬರೆಯುವುದು, ಅದು ಕೆಟ್ಟಾಗ ಏಕೆ ಕೆಟ್ಟಿತೆಂದು ಹುಡುಕುವುದು ಹತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಪಾಲಿಗೆ ಬಂದಿತ್ತು.

ನಾನು ಈ ಕೆಲಸಕ್ಕಾಗಿ ಓದಿದವಳಲ್ಲ. ಚಿಕ್ಕೋಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಟೈಪ್‌ರೈಟರುಗಳ ಮೇಲೆ ಹೊದಿಸಿದ ಬಟ್ಟೆಯನ್ನು ತೆಗೆಯುವವರೇ ಇಲ್ಲದ ಕಾಲ ಬಂದಾಗ ಅದೇ ಕಟ್ಟಡದ ಮಾಳಿಗೆಯ ಮೇಲೆ ಮಗದುಮ್ ಸರ್ ಎನ್ನುವವರು ವೆಬ್‌ಸೈಟ್ ಮಾಡುವ ಆಫೀಸು ತೆರೆದರು. ಕೈ ಚುರುಕಾಗಿದೆ, ಗಣಿತವೂ ಬರುತ್ತದೆ ಎಂದು ನನ್ನನ್ನು ಮೇಲಕ್ಕೆ ಕರೆದರು. ಆಗ ನನಗೆ ನಲವತ್ತು ದಾಟಿತ್ತು. ಮೆಟ್ಟಿಲು ಹತ್ತಿದ್ದೊಂದೇ ನನ್ನ ಬಡ್ತಿ. ಮೇಲೆ ಹೋದ ಮೇಲೂ ಎಲ್ಲರಿಗೂ ನಾನು ಟೈಪಿಂಗ್ ಬಾಯಾರಾಗಿಯೇ, ಅಂದರೆ ಟೀಚರಾಗಿಯೇ, ಉಳಿದೆ.

ಮಗದುಮ್ ಸರ್‌ಗೆ ಒಂದು ಸಾಲು ಪ್ರೋಗ್ರಾಮ್ ಬರೆಯಲು ಬರುತ್ತಿರಲಿಲ್ಲ. ಆದರೆ ಗಿರಾಕಿಯ ಮನಸ್ಸು ಅವರಿಗೆ ಗೊತ್ತಿತ್ತು. "ಬಾಕ್ಸ್ ಕೆಂಪ ಆತಂದ್ರ ಗಿರಾಕಿ ಹ್ವಾದಾ. ಗಿರಾಕಿ ಹ್ವಾದಾ ಅಂದ್ರ ನಮ್ಮ ಚಹಾನೂ ಹೋತು," ಎನ್ನುವುದು ಅವರ ಒಂದೇ ಸೂತ್ರ. ಏನಾದರೂ ಕೆಟ್ಟಿದೆ ಎಂದು ಫೋನ್ ಬಂದರೆ ತಮ್ಮ ಕಪ್ಪನ್ನು ತಂದು ನನ್ನ ಮೇಜಿನ ಮೇಲಿಟ್ಟು, "ನಡೀರಿ ಬಾಯಾರ, ಪಂಚನಾಮಾ ಮಾಡೂಣು," ಎನ್ನುತ್ತಿದ್ದರು. ನೀವು ಈಗ ಡೀಬಗ್ ಎನ್ನುವುದನ್ನು ನಮ್ಮ ಆಫೀಸಿನಲ್ಲಿ ಕೊನೆಯವರೆಗೂ ಪಂಚನಾಮೆ ಎಂದೇ ಕರೆದೆವು.

ಮೊದಲ ಪಂಚನಾಮೆ ರಾಯಬಾಗದ ಒಬ್ಬ ನಿವೃತ್ತ ಹೆಡ್‌ಮಾಸ್ತರರದು. ಬೇಡಕಿಹಾಳದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ನಾವು ಪುಟ ಮಾಡಿಕೊಟ್ಟಿದ್ದೆವು. ಪುಣೆಯಲ್ಲಿದ್ದ ಮಗಳಿಗೆ ಬೆಲ್ಲ ಕಳಿಸಲು ಮಾಸ್ತರರು ಕೂತರೆ ಪ್ರತಿ ಸಲವೂ ಕೆಂಪು. ಫೋನಿನಲ್ಲಿ ಒಂದೊಂದಾಗಿ ಕೇಳಿದ ಮೇಲೆ ತಿಳಿಯಿತು. ಅವರು ನಾಲ್ಕು ನಾಲ್ಕು ಅಂಕಿಗೆ ಜಾಗ ಬಿಟ್ಟು ಹೊಡೆಯುತ್ತಿದ್ದರು. ನಮ್ಮ ಬಾಕ್ಸು ಹಿಡಿಯುವುದು ಹದಿನಾರೇ ಅಕ್ಷರ. ಮೂರು ಖಾಲಿ ಜಾಗ ಮೂರು ಅಕ್ಷರವನ್ನು ತಿಂದರೆ ಕೊನೆಯ ಮೂರು ಅಂಕಿ ಒಳಗೆ ಬರುತ್ತಲೇ ಇರಲಿಲ್ಲ.

"ಸರ್, ಜಾಗ ಬಿಡಲಾರದ ಹೊಡೀರಿ," ಎಂದೆ.

"ಯಾಕ ಬಿಡಬಾರದು? ಕಾರ್ಡಿನ ಮ್ಯಾಲ ಜಾಗ ಬಿಟ್ಟೇ ಬರದಾರಲ್ಲ. ನಾ ಮೂವತ್ತ ವರ್ಷ ಹುಡುಗರಿಗೆ ನೋಡಿ ಇದ್ದಂಗ ಬರೀರಿ ಅಂತ ಕಲಿಸೇನಿ. ಈಗ ನೀವು ನನಗ ನೋಡಿದಂಗ ಬರೀಬ್ಯಾಡ್ರಿ ಅಂತೀರೇನು?"

ಆವತ್ತೇ ಖಾಲಿ ಜಾಗವನ್ನು ನಮ್ಮ ಪುಟವೇ ತೆಗೆದುಹಾಕುವ ಹಾಗೆ ಮಾಡಿದೆ. ಯಂತ್ರಕ್ಕೆ ಒಂದು ಕ್ಷಣದ ಕೆಲಸ. ಅದನ್ನು ಎಪ್ಪತ್ತು ವರ್ಷದ ಮನುಷ್ಯರಿಂದ ಮಾಡಿಸಲು ಹೊರಟಿದ್ದೆ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಕೆಲವು ತಿಂಗಳ ಮೇಲೆ ಕಾಗವಾಡದಿಂದ ಒಬ್ಬ ಬಸ್ ಕಂಡಕ್ಟರು ಫೋನ್ ಮಾಡಿ ತಮ್ಮ ಕಾರ್ಡಿನಲ್ಲಿ ಹತ್ತೊಂಬತ್ತು ಅಂಕಿ ಇವೆ, ಹದಿನಾರಕ್ಕೇ ನಿಮ್ಮ ಬಾಕ್ಸು ನಿಂತುಬಿಡುತ್ತದೆ ಎಂದರು. ಕಾರ್ಡಿಗೆ ಹದಿನಾರೇ ಅಂಕಿ, ನೀವು ತಪ್ಪು ಎಣಿಸಿದ್ದೀರಿ ಎಂದು ನಾನು ಖಡಾಖಂಡಿತವಾಗಿ ಹೇಳಿ ಫೋನಿಟ್ಟೆ. ಎರಡು ದಿನ ಬಿಟ್ಟು ಅವರು ರಜೆ ಹಾಕಿ ಚಿಕ್ಕೋಡಿಗೇ ಬಂದರು. ನನ್ನ ಮೇಜಿನ ಮೇಲೆ ಡೆಬಿಟ್ ಕಾರ್ಡು ಇಟ್ಟು, "ಬಸ್ಸಿನ ಮಂದೀನ ದಿನಾ ಎಣಸ್ತೇನ್ರಿ ಬಾಯಾರ. ಹತ್ತೊಂಬತ್ತು ಎಣಸಾಕ ಬರೂದಿಲ್ಲೇನು? ಈಗ ನೀವು ಎಣಸ್ರಿ," ಎಂದರು. ಎಣಿಸಿದೆ. ಹತ್ತೊಂಬತ್ತೇ ಇದ್ದವು. ಆ ಕಾಲಕ್ಕೆ ಅಂಥ ಕಾರ್ಡುಗಳೂ ಇದ್ದವು, ನನಗೆ ಗೊತ್ತಿರಲಿಲ್ಲ. ಮಗದುಮ್ ಸರ್ ಅವರಿಗೆ ಚಹಾ ತರಿಸಿದರು, ನನಗೆ ತರಿಸಲಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಆ ದಿನ ನನ್ನ ಕಿವಿಗೆ ಬೀಳುವ ಹಾಗೆ ಎರಡು ಸಲ ಹೇಳಿದರು.

ಆಗ ಪಂಚನಾಮೆ ಮಾಡುವ ರೀತಿಯೂ ಬೇರೆ. ಈಗ ಬ್ರೌಸರಿನಲ್ಲೇ ಒಂದು ಕೀಲಿ ಒತ್ತಿದರೆ ಒಳಗಿನದೆಲ್ಲ ಕಾಣುತ್ತದೆ. ನಾವು ಪ್ರೋಗ್ರಾಮಿನ ನಡುನಡುವೆ ಸಂದೇಶ ಇಡುತ್ತಿದ್ದೆವು. ಪುಟ ಓಡುತ್ತ ಆ ಸಾಲಿಗೆ ಬಂದರೆ ತೆರೆಯ ಮೇಲೆ ಆ ಮಾತು ಮೂಡುತ್ತಿತ್ತು. ಎಲ್ಲಿಯವರೆಗೆ ಮೂಡಿತೋ ಅಲ್ಲಿಯವರೆಗೆ ಕ್ಷೇಮ. ಬೇಜಾರು ಕಳೆಯಲು ನಾನು "ಬಂದ್ಯಾ ತಾಯಿ, ಬಾ" ಎಂದು ಬರೆಯುತ್ತಿದ್ದೆ. ಒಮ್ಮೆ ಅದನ್ನು ತೆಗೆಯಲು ಮರೆತು ಬೆಲ್ಲದ ಪುಟವನ್ನು ಹಾಗೆಯೇ ಬಿಟ್ಟುಬಿಟ್ಟೆ. ಒಂದು ವಾರ ಕಾರ್ಡಿನ ಸಂಖ್ಯೆ ಹೊಡೆದವರಿಗೆಲ್ಲ "ಬಂದ್ಯಾ ತಾಯಿ, ಬಾ". ನೌಕರಿ ಹೋಯಿತು ಎಂದುಕೊಂಡೆ. ಬೆಲ್ಲದ ವ್ಯಾಪಾರಿ ಫೋನ್ ಮಾಡಿ, ಗಿರಾಕಿಗಳಿಗೆ ಬಹಳ ಹಿಡಿಸಿದೆ, ಗಂಡಸರಿಗೆ "ಬಾರಪ್ಪಾ" ಎಂದು ಬರುವ ಹಾಗೆ ಮಾಡಲು ಆಗುತ್ತದೆಯೇ ಎಂದು ಕೇಳಿದರು.

ಇವೆಲ್ಲ ನಗುವ ತಪ್ಪುಗಳು. ಈಗ ಹೇಳುವುದು ನಾನು ನಕ್ಕಿದ್ದಕ್ಕೇ ಆದ ತಪ್ಪು.

ಅಥಣಿ ಕಡೆಯ ಹಳ್ಳಿಯೊಂದರ ಎಂಟು ಜನ ಹೆಣ್ಣುಮಕ್ಕಳು ಚರ್ಮದ ಚಪ್ಪಲಿ ಹೆಣೆಯುತ್ತಿದ್ದರು. ಅವರ ಮುಂದಾಳು ಸುನಂದಾ. ಅವರ ಮನೆಗಳಲ್ಲಿ ತಲೆತಲಾಂತರದಿಂದ ಹೆಣೆದ ಚಪ್ಪಲಿಯೆಲ್ಲ ಗಡಿಯಾಚೆಯ ಒಬ್ಬ ವ್ಯಾಪಾರಿಗೆ ಹೋಗಿ, ಅಲ್ಲಿ ತಳಕ್ಕೆ ಅವನ ಹೆಸರಿನ ಮುದ್ರೆ ಬಿದ್ದು ಮಾರಾಟವಾಗುತ್ತಿತ್ತು. ಸುನಂದಾ ಎಂಟೂ ಜನರಿಗೆ ಒಂದೊಂದು ಹಿತ್ತಾಳೆಯ ಅಚ್ಚು ಮಾಡಿಸಿದಳು. ಹೆಣೆದವಳ ಹೆಸರೇ ತಳದ ಮೇಲೆ. ಅದನ್ನು ಮಾರಲು ನಮ್ಮಿಂದ ಪುಟ ಮಾಡಿಸಿದಳು. ಪುಟ ತೆರೆದ ದಿನ ತೆಂಗಿನಕಾಯಿ ತಂದು ಕಂಪ್ಯೂಟರಿನ ಮುಂದೆ ಒಡೆದು, ಆಹೇರಿ, ಅಂದರೆ ಮುಯ್ಯಿ, ಕೊಡಲೆಂದು ಅಂಗಡಿಯಲ್ಲಿ ಸಿಗುತ್ತದಲ್ಲ, ಒಂದು ರೂಪಾಯಿ ನಾಣ್ಯ ಅಂಟಿಸಿದ ಲಕೋಟೆ, ಅದರಲ್ಲಿ ನೂರರ ನೋಟು ಹಾಕಿ ಕೀಬೋರ್ಡಿನ ಮೇಲೆ ಇಟ್ಟಳು.

"ಹುಟ್ಟಿದಾಗಿಂದ ಹೆಣ್ಯಾಕತ್ತೇನ್ರಿ ಬಾಯಾರ. ನನ್ನ ಹೆಸರ ಎಲ್ಲೂ ಬರದದ್ದು ನೋಡಿರಲಿಲ್ಲ, ರೇಷನ್ ಕಾರ್ಡ್ ಒಂದು ಬಿಟ್ರ," ಎಂದು ನಗುತ್ತ ಚಪ್ಪಲಿಯ ತಳ ತೋರಿಸಿದಳು.

ಗಿರಾಕಿಗಳ ಕಾರ್ಡಿನ ಪೂರ್ತಿ ಸಂಖ್ಯೆಯನ್ನು ಎಂದೂ ಕೇಳಬಾರದು, ಬರೆದಿಡಬಾರದು, ಅಗತ್ಯ ಬಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಎಂದು ಅವಳಿಗೆ ನಾನೇ ಪಾಠ ಮಾಡಿದ್ದೆ. ನಾನು ಹೇಳಿದ ಪಾಠಗಳಲ್ಲಿ ಅದೊಂದೇ ಕೆಲಸಕ್ಕೆ ಬಂದದ್ದು.

ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ಸುನಂದಾಳ ಫೋನು ಶುರುವಾಯಿತು. ಯಾರೋ ಕೊಳ್ಳಲು ಹೋದರೆ ಕೆಂಪು ಬಂತಂತೆ. ಪಂಚನಾಮೆಗೆ ಕೂತೆ. ಪರೀಕ್ಷೆಗೆಂದೇ ಇರುವ ಒಂದು ಸಂಖ್ಯೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮೊದಲು ನಾಲ್ಕು, ಆಮೇಲೆ ಹದಿನೈದು ಒಂದು. ಟೈಪಿಂಗ್ ಕಲಿಸಿದವಳಿಗೆ ಅದೊಂದು ಸುಖ. ಒಂದರ ಮೇಲೆ ಬೆರಳಿಟ್ಟು ಟಕಟಕ ಎನಿಸಿದರೆ ಮುಗಿಯಿತು. ಹೊಡೆದೆ, ಹಸಿರು. ನನ್ನ ಸ್ವಂತ ಕಾರ್ಡು, ಹಸಿರು. ಮಗದುಮ್ ಸರ್ ಕಾರ್ಡು, ಅದೂ ಹಸಿರು. ಮತ್ತೊಂದು ಫೋನು ಬಂತು, ಮಗದೊಂದು ಬಂತು. ಪ್ರತಿ ಸಲವೂ ನಾಲ್ಕು ಮತ್ತು ಹದಿನೈದು ಒಂದು, ಪ್ರತಿ ಸಲವೂ ಹಸಿರು. "ಅವರs ತಪ್ಪ ಹೊಡದಿರಬೇಕವ್ವಾ," ಎಂದು ಹೇಳಿ ಫೋನಿಟ್ಟೆ. ಕಂಡಕ್ಟರು ಕಲಿಸಿದ ಪಾಠ ಎಷ್ಟು ಬೇಗ ಮರೆತೆ ನೋಡಿ.

ದಸರೆಯ ಹೊತ್ತಿಗೆ ಸುನಂದಾ ಅಥಣಿಯಿಂದ ಬಸ್ಸು ಹಿಡಿದು ಆಫೀಸಿಗೇ ಬಂದಳು. ಕೈಯಲ್ಲಿ ಕಾಲಿನ ಅಳತೆ ತೆಗೆಯುವ ಒಂದು ರಟ್ಟು. ಅದರ ಹಿಂಬದಿಯಲ್ಲಿ ಅವಳಿಗೆ ಫೋನ್ ಮಾಡಿ ದೂರಿದ್ದ ಏಳು ಗಿರಾಕಿಗಳ ಫೋನ್ ನಂಬರು, ಪಕ್ಕದಲ್ಲಿ ಅವರವರ ಕಾರ್ಡಿನ ಕೊನೆಯ ನಾಲ್ಕು ಅಂಕಿ.

"ಬಾಯಾರ, ಇಷ್ಟೂ ಮಂದೀದು ಕೆಂಪ ಬಂದೈತ್ರಿ. ಏಳೂ ಸೊನ್ನೀ ಮ್ಯಾಲ ಮುಗೀತಾವ, ನೋಡ್ರಿ. ನಮ್ಮವ್ವ ಹೇಳಾಕಿ, ಆಹೇರಿ ಕೊಡೂದಾಗ ಸೊನ್ನೀ ಮ್ಯಾಲ ಮುಗಸಬಾರದು ಅಂತ. ನಿಮ್ಮ ಪುಟಕ್ಕೂ ಸೊನ್ನಿ ಆಗಿ ಬರೂದಿಲ್ರಿ."

ನಾನು ಗಟ್ಟಿಯಾಗಿ ನಕ್ಕೆ. ಮಗದುಮ್ ಸರ್ ಕೂಡ ನಕ್ಕರು. ಯಂತ್ರಕ್ಕೆ ಶಕುನ ಅಪಶಕುನ ತಿಳಿಯುವುದಿಲ್ಲ, ಅದಕ್ಕೆ ಗಣಿತ ಒಂದೇ ಗೊತ್ತು ಎಂದು ಅವಳನ್ನು ಕೂರಿಸಿಕೊಂಡು ಉಪದೇಶ ಮಾಡಿದೆ. ಎದ್ದು ಹೋಗುವಾಗ ಅವಳು ಹೇಳಿದಳು:

"ದೀಪಾವಳಿ ಆದ ಮ್ಯಾಲ ಎಂಟೂ ಮಂದಿ ಕೂಡ್ತೇವ್ರಿ. ಆರ್ಡರ್ ಹಿಂಗs ತಿರುಗಿ ಹೋದ್ರ ಮತ್ತ ಆ ವ್ಯಾಪಾರಿ ಕಡೆ ಹೋಗೂದು ಅಂತ ಆಗಲೇ ನಾಕ ಮಂದಿ ಅನ್ನಾಕತ್ತಾರ. ಹೊಟ್ಟಿಗೇನ ಕಡಿಮಿ ಆಗೂದಿಲ್ರಿ. ಹೆಸರ ಅಳಿಸಿ ಹೋಗ್ತೈತಿ, ಅಷ್ಟs."

ರಟ್ಟನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದಳು.

ಆ ಭಾನುವಾರ ಭೋಜದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮಗುವಿಗೆ ಆಹೇರಿ ಕೊಡೋಣವೆಂದು ಐನೂರರ ನೋಟು ತೆಗೆದೆ. ಜೊತೆಗೆ ಇಡಲು ಒಂದು ರೂಪಾಯಿ ಬೇಕಲ್ಲ, ಪರ್ಸಿನಲ್ಲಿ ಹುಡುಕಿದೆ. ಸಿಗಲಿಲ್ಲ. ಪರ್ಸನ್ನು ಜಮಖಾನೆಯ ಮೇಲೆ ಸುರುವಿದೆ. ನಾದಿನಿ, "ಹಂಗs ಕೊಡ ವೈನಿ, ಕೂಸು ಎಣಸತೈತೇನು?" ಎಂದು ಚೇಷ್ಟೆ ಮಾಡಿದಳು. "ಛೇ, ಸೊನ್ನೀ ಮ್ಯಾಲ ಮುಗಿಸಿ ಹೆಂಗ ಕೊಡೂದು?" ಎಂದೆ.

ಎಂದವಳು ಹಾಗೆಯೇ ಕೂತುಬಿಟ್ಟೆ. ಸುನಂದಾಳನ್ನು ನೋಡಿ ನಕ್ಕವಳು ಮೂರು ದಿನದಲ್ಲಿ ಜಮಖಾನೆಯ ಮೇಲೆ ಪರ್ಸು ಸುರುವಿಕೊಂಡು ರೂಪಾಯಿ ಹುಡುಕುತ್ತಿದ್ದೆ. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ನಾನು ಪರೀಕ್ಷೆಗೆ ಹೊಡೆಯುವ ಸಂಖ್ಯೆಯೂ ಒಂದರಲ್ಲೇ ಮುಗಿಯುತ್ತದೆ. ನನ್ನ ಕಾರ್ಡು ಆರರಲ್ಲಿ, ಸರ್ ಕಾರ್ಡು ಮೂರರಲ್ಲಿ. ಇಷ್ಟು ವರ್ಷದಲ್ಲಿ ಸೊನ್ನೆಯಲ್ಲಿ ಮುಗಿಯುವ ಸಂಖ್ಯೆಯನ್ನು ನಾನು ಒಂದು ಸಲವೂ ಹೊಡೆದು ನೋಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆ. ಕಾಗದದ ಮೇಲೆ ಲೆಕ್ಕ ಹಾಕಿ, ಸೊನ್ನೆಯಲ್ಲಿ ಮುಗಿಯುವ ಒಂದು ಸರಿಯಾದ ಸಂಖ್ಯೆಯನ್ನು ಮಾಡಿಕೊಂಡು ಹೊಡೆದೆ. ಕೆಂಪು. ಇನ್ನೊಂದು ಮಾಡಿದೆ. ಕೆಂಪು.

ತಪ್ಪು ಏನೆಂದು ಹೇಳುತ್ತೇನೆ, ಕಷ್ಟವೇನಿಲ್ಲ. ಕಾರ್ಡಿನ ಕೊನೆಯ ಅಂಕಿ ಉಳಿದ ಅಂಕಿಗಳ ಕಾವಲುಗಾರ. ಉಳಿದವುಗಳಲ್ಲಿ ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ, ಬಂದ ಅಂಕಿಗಳನ್ನೆಲ್ಲ ಕೂಡಿಸುತ್ತಾರೆ. ಮೊತ್ತ ಅರವತ್ತೇಳು ಬಂದರೆ ಎಪ್ಪತ್ತಕ್ಕೆ ಮೂರು ಕಡಿಮೆ. ಆ ಮೂರೇ ಕೊನೆಯ ಅಂಕಿಯಾಗಿರಬೇಕು. ಮೊತ್ತ ಸರಿಯಾಗಿ ಎಪ್ಪತ್ತೇ ಬಂದರೆ ಕೊರತೆ ಇಲ್ಲ, ಕೊನೆಯ ಅಂಕಿ ಸೊನ್ನೆ. ನಾನು ಬರೆದ ಸಾಲು ಏನು ಮಾಡುತ್ತಿತ್ತೆಂದರೆ, ಮೊತ್ತದ ಬಿಡಿ ಸ್ಥಾನದ ಅಂಕಿಯನ್ನು ಹತ್ತರಿಂದ ಕಳೆಯುತ್ತಿತ್ತು. ಹತ್ತರಲ್ಲಿ ಏಳು ಹೋದರೆ ಮೂರು, ಸರಿ. ಹತ್ತರಲ್ಲಿ ಸೊನ್ನೆ ಹೋದರೆ? ಹತ್ತು. ಕೊನೆಯ ಅಂಕಿ ಹತ್ತಿರಬೇಕು, ಇಲ್ಲಿ ಸೊನ್ನೆ ಇದೆ, ಈ ಕಾರ್ಡು ಸುಳ್ಳು ಎಂದು ನನ್ನ ಪುಟ ಜನರನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿತ್ತು. ಹತ್ತು ಬಂದರೆ ಸೊನ್ನೆ ಎಂದು ತಿಳಿ ಎನ್ನುವ ಒಂದು ಸಾಲು ಸೇರಿಸಿದೆ. ಹಸಿರಾಯಿತು.

"ಯಾರ ಬರದದ್ದು ಇದನ್ನ?" ಎಂದು ಮಗದುಮ್ ಸರ್ ಕೇಳಿದರು.

"ನಾನs ರೀ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಚಹಾದ ಕಪ್ಪನ್ನು ನನ್ನ ಕಡೆ ಸರಿಸಿ, "ನಕ್ಕಿದ್ದು ಇಬ್ಬರೂ ಕೂಡಿ. ಮಾಫಿ ಕೇಳೂದೂ ಇಬ್ಬರೂ ಕೂಡಿ," ಎಂದರು. ನನ್ನ ಮೇಲಧಿಕಾರಿಯ ಬಗ್ಗೆ ಇದಕ್ಕಿಂತ ಹೆಚ್ಚಿಗೆ ಬರೆಯಬೇಕಾಗಿಲ್ಲ.

ಆದರೆ ನನ್ನನ್ನು ಕೊರೆದದ್ದು ಇನ್ನೊಂದು. ಅದೇ ಸಾಲು ಬೆಲ್ಲದ ಪುಟದಲ್ಲಿ ಎರಡು ವರ್ಷದಿಂದ ಕೂತಿತ್ತು. ಅಲ್ಲಿಂದ ಇಂಥ ದೂರು ಒಂದೂ ಬಂದಿರಲಿಲ್ಲ. ಈ ಪರೀಕ್ಷೆ ನಡೆಯುವುದು ಗಿರಾಕಿಯ ಕಂಪ್ಯೂಟರಿನಲ್ಲಿ. ಅಲ್ಲಿ ಕೆಂಪಾದರೆ ನಮ್ಮ ತನಕ ಸುದ್ದಿಯೂ ಬರುವುದಿಲ್ಲ. ಹಿಂದಿರುಗಿ ಹೋದವರ ಗುರುತು ಯಾರ ಬಳಿಯೂ ಇರುವುದಿಲ್ಲ. ಅವರೆಲ್ಲ ತಮ್ಮ ಕಾರ್ಡೇ ಕೆಟ್ಟಿದೆ, ತಮಗೇ ಹೊಡೆಯಲು ಬರುವುದಿಲ್ಲ ಎಂದುಕೊಂಡು ಸುಮ್ಮನಾಗಿರಬೇಕು. ಯೋಚಿಸಿದಾಗ ನಾಚಿಕೆಯಾಯಿತು, ಈಗಲೂ ಆಗುತ್ತದೆ. ಚಪ್ಪಲಿಯ ಏಳು ಜನ ಸಿಕ್ಕಿದ್ದು ಸುನಂದಾ ರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದರಿಂದ.

ಏಳು ಜನಕ್ಕೂ ನಾನೇ ಫೋನ್ ಮಾಡಿದೆ. ತಪ್ಪು ನಿಮ್ಮದಲ್ಲ, ನಿಮ್ಮ ಕಾರ್ಡಿನದೂ ಅಲ್ಲ, ನನ್ನದು ಎಂದೆ. ಒಬ್ಬರು ಬೇರೆ ಕಡೆ ಕೊಂಡಾಗಿತ್ತು. ಒಬ್ಬರು ಫೋನ್ ಎತ್ತಲಿಲ್ಲ. ಸಾಂಗ್ಲಿಯ ಒಬ್ಬ ಆಯಿ, "ಮೀ ತರ್ ಬ್ಯಾಂಕೇತ್ ಜಾವೂನ್ ಭಾಂಡೂನ್ ಆಲೇ," ಎಂದು ನಕ್ಕರು. ಬ್ಯಾಂಕಿಗೇ ಹೋಗಿ ಜಗಳ ಮಾಡಿ ಬಂದಿದ್ದರಂತೆ. ಅವರು ಒಂದರ ಬದಲು ಮೂರು ಜೊತೆ ತರಿಸಿಕೊಂಡರು.

ಆಮೇಲೆ ನಾವಿಬ್ಬರೂ ಅಥಣಿಗೆ ಹೋದೆವು. ಸುನಂದಾ ಅಂಗಳದಲ್ಲಿ ಕೂತು ಚರ್ಮದ ಎಳೆ ಹೆಣೆಯುತ್ತಿದ್ದಳು. ಮಗದುಮ್ ಸರ್ ಪೇಢೆಯ ಡಬ್ಬಿ ಕೊಟ್ಟು, "ನೀನು ಹೇಳಿದ್ದs ಖರೇ ಇತ್ತವ್ವಾ. ಬಾಯಾರೂ ನಾನೂ ಕೂಡಿ ನಕ್ಕಿದ್ವಿ, ತಪ್ಪಾತು," ಎಂದರು. ಅವಳಿಗೆ ಮೊದಲು ನಂಬಿಕೆಯೇ ಬರಲಿಲ್ಲ. "ಅಂದ್ರ ಸೊನ್ನಿ ಅಪಶಕುನ ಅನ್ನೂದು ಖರೇನ ರೀ?" ಎಂದಳು. "ಸೊನ್ನೀದೇನೂ ತಪ್ಪಿಲ್ಲವ್ವಾ, ಅಪಶಕುನ ನಾನs," ಎಂದೆ. ಎಂಟೂ ಹೆಣ್ಣುಮಕ್ಕಳು ನಗಲು ಶುರು ಮಾಡಿದರು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು ನನ್ನ ಸ್ಥಿತಿ, ಆದರೂ ಅಷ್ಟು ಹಗುರಾಗಿ ನಾನು ಎಂದೂ ಬಿದ್ದಿಲ್ಲ.

ದೀಪಾವಳಿಯಾದ ಮೇಲೆ ಅವರು ಕೂಡಿದರು. ವ್ಯಾಪಾರಿಯ ಕಡೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲವೆಂದು ಸುನಂದಾ ಫೋನ್ ಮಾಡಿ ಹೇಳಿದಳು. ಹಿತ್ತಾಳೆಯ ಎಂಟು ಅಚ್ಚುಗಳೂ ಉಳಿದವು.

ಅಂದಿನಿಂದ ನಮ್ಮ ಆಫೀಸಿನ ಗೋಡೆಗೆ ಒಂದು ಪಟ್ಟಿ ಅಂಟಿತು. ಹತ್ತು ಪರೀಕ್ಷಾ ಸಂಖ್ಯೆಗಳು, ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದರಲ್ಲಿ ಮುಗಿಯುವಂಥವು. ಹತ್ತೂ ಹಸಿರಾಗದೆ ಪುಟ ಹೊರಗೆ ಹೋಗಕೂಡದು. ಸೊನ್ನೆಯದನ್ನು ಮೊದಲು ಹೊಡೆಯಬೇಕು. ಅದಕ್ಕೆ ಸುನಂದಾ ನಂಬರ್ ಎಂದು ಹೆಸರಾಯಿತು. ವರ್ಷಗಳು ಕಳೆದಂತೆ ಕಾರ್ಡಿನ ಸಂಖ್ಯೆ ಕೇಳುವ ಕೆಲಸವನ್ನು ಹಣ ಪಾವತಿಯ ಕಂಪನಿಗಳು ತಮ್ಮದೇ ಪುಟಕ್ಕೆ ತೆಗೆದುಕೊಂಡವು. ಈಗ ಆ ಬಾಕ್ಸು ನಮ್ಮದಲ್ಲ. ಒಳ್ಳೆಯದೇ ಆಯಿತು. ಆದರೆ ನೀವು ಬರೆಯುವ ಬೇರೆ ಬಾಕ್ಸುಗಳು ಇದ್ದೇ ಇರುತ್ತವೆ, ಮೊಬೈಲ್ ನಂಬರು, ಪಿನ್ ಕೋಡು, ಮನುಷ್ಯರ ಹೆಸರು. ಹೊಸ್ತಿಲಲ್ಲಿ ಯಾರನ್ನು ತಡೆಯುತ್ತಿದ್ದೀರಿ ಎಂದು ಒಮ್ಮೆ ಎದ್ದು ಹೋಗಿ ನೋಡಿ. ಬಂದು ಹೇಳಿದವರನ್ನು ನೋಡಿ ನಗಬೇಡಿ. ನಗು ತಡೆಯಲಾಗದಿದ್ದರೆ ನಗಿ, ಆದರೆ ಅವರು ಹೇಳಿದ ಅಂಕಿಯನ್ನು ಹೊಡೆದು ನೋಡಿ ಆಮೇಲೆ ನಗಿ.

ನಾನು ನಿವೃತ್ತಳಾದ ದಿನ ಆಫೀಸಿನಲ್ಲಿ ಒಂದು ಸಣ್ಣ ಸಮಾರಂಭ. ಸುನಂದಾ ಅಥಣಿಯಿಂದ ಬಂದಿದ್ದಳು. ಒಂದು ಜೊತೆ ಚಪ್ಪಲಿ ಕೊಟ್ಟಳು. ತಿರುಗಿಸಿ ನೋಡಿದೆ, ತಳದ ಮೇಲೆ "ಸುನಂದಾ" ಎಂದಿತ್ತು. ಜೊತೆಗೆ ಒಂದು ಲಕೋಟೆ. ಅದೇ ನಾಣ್ಯ ಅಂಟಿಸಿದ ಲಕೋಟೆ, ಆದರೆ ನಾಣ್ಯ ಇರಲಿಲ್ಲ. ಕಿತ್ತ ಜಾಗದಲ್ಲಿ ಗುಂಡಗೆ ಅಂಟಿನ ಗುರುತು ಉಳಿದಿತ್ತು. ಒಳಗೆ ಐನೂರರ ಒಂದೇ ನೋಟು.

"ರೂಪಾಯಿ ಬಿದ್ದು ಹೋಗೈತಲ್ಲವ್ವಾ," ಎಂದೆ.

"ಬಿದ್ದಿಲ್ರಿ, ನಾನs ಕಿತ್ತೀನಿ. ಇಷ್ಟ ವರ್ಷ ಆತು, ನಿಮಗ ಸೊನ್ನಿ ನಡೀತೈತೋ ಇಲ್ಲೋ ಅಂತ ಹೊಡದ ನೋಡಾಕತ್ತೇನ್ರಿ." ನನ್ನ ಮುಖವನ್ನೇ ನೋಡುತ್ತ ಕೇಳಿದಳು, "ಹಸಿರ ಬಂತೇನ್ರಿ ಬಾಯಾರ?"

ಲಕೋಟೆಯನ್ನು ಕಣ್ಣಿಗೊತ್ತಿಕೊಂಡು, "ಬಂತವ್ವಾ," ಎಂದೆ.